ಎಪ್ಪತ್ತೆರಡರಲ್ಲೊಂದು

ಕೈ ಬಿದ್ದಷ್ಟೂ ವಸ್ತುವಿನ ಬೆಲೆ ಏರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ನೂಲಿಗಿಂತ ಸೀರೆಗೆ ಹೆಚ್ಚು ದುಡ್ಡು, ದಿಮ್ಮಿಗಿಂತ ತೊಟ್ಟಿಲಿಗೆ ಹೆಚ್ಚು ದುಡ್ಡು. ಈ ಲೆಕ್ಕ ತಲೆಕೆಳಗಾಗುವ ಒಂದು ಚಿಕ್ಕ ಲೋಕವಿದೆ, ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್ ಕಿಟ್‌ಗಳದ್ದು. ಯುದ್ಧವಿಮಾನವೊಂದರ ಕಿಟ್ಟನ್ನು ತಂದು, ತಿಂಗಳುಗಟ್ಟಲೆ ಕೂತು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆದು ಮುಗಿಸಿದವನು ಅದನ್ನು ಮಾರಲು ಹೊರಟರೆ ಬಹುಪಾಲು ಸಲ ಕೊಂಡ ಬೆಲೆಯೂ ಹುಟ್ಟುವುದಿಲ್ಲ. ಅದೇ ಪೆಟ್ಟಿಗೆಯನ್ನು ಬಿಚ್ಚದೆ ಬೀರುವಿನ ಮೇಲಿಟ್ಟು ಮರೆತವನಿಗೆ, ಆ ಕಿಟ್ ಅಂಗಡಿಯಿಂದ ಮಾಯವಾದ ಮೇಲೆ, ಎರಡು ಮೂರು ಪಟ್ಟು ಸಿಕ್ಕರೂ ಸಿಕ್ಕೀತು. ಯಾವ ಕೆಲಸಕ್ಕೆಂದು ಆ ವಸ್ತು ಹುಟ್ಟಿತೋ ಆ ಕೆಲಸ ಮುಗಿದ ಗಳಿಗೆಗೇ ಅದರ ಬೆಲೆ ಬಿದ್ದುಹೋಗುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ನ್ಯೂಜಿಲೆಂಡಿನ ವಿಂಗ್‌ನಟ್ ವಿಂಗ್ಸ್. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್‌ಗೆ ಮೊದಲ ಮಹಾಯುದ್ಧದ ವಿಮಾನಗಳೆಂದರೆ ಹುಚ್ಚು. ಆ ಹುಚ್ಚಿನಿಂದಲೇ ಹುಟ್ಟಿದ ಕಂಪನಿ ಇದು. 2009ರಿಂದ 1/32 ಅಳತೆಯಲ್ಲಿ ಮರ, ಬಟ್ಟೆ, ತಂತಿಗಳ ಆ ಹಳೆಯ ವಿಮಾನಗಳ ಕಿಟ್ ತಂದಿತು. ಜೊತೆಗೆ ಬರುತ್ತಿದ್ದ ಸೂಚನಾ ಪುಸ್ತಿಕೆಯಲ್ಲಿ ಅಸಲಿ ವಿಮಾನದ ಹಳೆಯ ಫೋಟೊಗಳಿರುತ್ತಿದ್ದವು, ಅದನ್ನಷ್ಟೇ ಓದುತ್ತ ಕೂರಬಹುದಿತ್ತು. 2020ರಲ್ಲಿ ಕಂಪನಿ ಬಾಗಿಲು ಹಾಕಿತು. ಅಲ್ಲಿಂದ ಆ ಪೆಟ್ಟಿಗೆಗಳ ಬೆಲೆ ಏರುತ್ತ ಹೋಯಿತು, ಏರಿದಂತೆ ಅದನ್ನು ಇಟ್ಟುಕೊಂಡವರ ಕೈಯೂ ಹಿಂಜರಿಯಿತು. ಕಟ್ಟಲೆಂದು ಕೊಂಡದ್ದು, ಈಗ ಕಟ್ಟಿದರೆ ನಷ್ಟ. ಕಟ್ಟುವವರ ಸುಖವನ್ನೇ ಲೆಕ್ಕಹಾಕಿ ಮಾಡಿದ ಕಿಟ್ಟುಗಳು ಇಂದು ಕಟ್ಟುವವರಿಗೇ ಎಟುಕದೆ ಬೀರು ಸೇರಿವೆ.

ಹಾಗಾದರೆ ಕಿಟ್ಟಿನ ಯೋಗ್ಯತೆ ಎಲ್ಲಿದೆ, ಪೆಟ್ಟಿಗೆಯೊಳಗೋ, ಕಟ್ಟಿದ ಮಾಡೆಲಿನಲ್ಲೋ, ಕಟ್ಟುವ ಆ ತಿಂಗಳುಗಳಲ್ಲೋ? ನನ್ನ ಪುಟ್ಟ ಸಂಗ್ರಹದ ಮುಂದೆ ಕೂತಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಊರಿಂದ ಬಂದಿದ್ದ ನಮ್ಮ ಚಿಕ್ಕಪ್ಪ ಒಮ್ಮೆ ಹೊಸ ಪೆಟ್ಟಿಗೆಯೊಂದನ್ನು ತೆರೆದು ನೋಡಿ, "ಇಷ್ಟು ದುಡ್ಡು ಕೊಟ್ಟಿದೀಯ, ಎಲ್ಲಾ ಮುರಿದು ಹೋಗಿದೆಯಲ್ಲೋ, ವಾಪಸ್ ಕೊಟ್ಟು ಬಾ" ಅಂದಿದ್ದರು. ನಗು ಬಂತು. ಆದರೆ ಅವರ ಮಾತಿನಲ್ಲಿ ತಪ್ಪೇನಿತ್ತು? ಚೌಕಟ್ಟಿಗೆ ಅಂಟಿಕೊಂಡ ಬೂದು ಬಣ್ಣದ ಚೂರುಗಳು ಅವು. ಅದರಲ್ಲಿ ವಿಮಾನ ಕಾಣಬೇಕಾದರೆ ನೋಡುವವನು ಮೊದಲೇ ಸ್ವಲ್ಪ ಮರುಳಾಗಿರಬೇಕು.

ಆ ಚೂರುಗಳನ್ನೇ ಹಿಡಿದು ನೋಡೋಣ. ಚೌಕಟ್ಟಿಗೆ ಕಿಟ್ ಕಟ್ಟುವವರು ಸ್ಪ್ರೂ ಅನ್ನುತ್ತಾರೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಕಾಯಿಸಿ ಕರಗಿಸಿ, ಉಕ್ಕಿನ ಎರಡು ಹೋಳಿನ ಅಚ್ಚಿಗೆ ಭಾರಿ ಒತ್ತಡದಲ್ಲಿ ನುಗ್ಗಿಸುತ್ತಾರೆ. ಅದು ಹರಿದ ಕಾಲುವೆಗಳೇ ತಣಿದು ಸ್ಪ್ರೂ ಆಗುತ್ತವೆ, ಕಾಲುವೆಯ ತುದಿಗಳಲ್ಲಿ ರೆಕ್ಕೆ, ಚಕ್ರ, ಪೈಲಟ್ಟಿನ ಕುರ್ಚಿ. ಅಚ್ಚಿನ ಹೋಳುಗಳು ಸರಿಯಾಗಿ ಕಚ್ಚಿಕೊಳ್ಳದಿದ್ದರೆ, ಕರ್ಜೀಕಾಯಿ ಅಚ್ಚಿನ ಅಂಚಿನಿಂದ ಕಣಕ ಹೊರಚೆಲ್ಲುವಂತೆ, ಪ್ಲಾಸ್ಟಿಕ್ ತೆಳ್ಳಗೆ ಹೊರಚೆಲ್ಲುತ್ತದೆ. ಅದು ಫ್ಲ್ಯಾಶ್. ಅಚ್ಚು ಹಳತಾಗಿ ಸವೆದಿದೆ ಎಂಬುದಕ್ಕೆ ಅದೇ ಗುರುತು. ದಪ್ಪನೆಯ ಭಾಗ ತಣಿಯುವಾಗ ಒಳಗೆ ಕುಗ್ಗಿ ಮೇಲೆ ಸಣ್ಣ ಗುಳಿ ಬಿದ್ದರೆ ಅದು ಸಿಂಕ್ ಮಾರ್ಕ್. ತಣಿದ ಚೂರನ್ನು ಅಚ್ಚಿನಿಂದ ಹೊರದೂಡುವ ಕಡ್ಡಿಗಳು ಬಿಟ್ಟುಹೋಗುವ ದುಂಡನೆಯ ಗುರುತುಗಳು ಬೇರೆ.

ಕಿಟ್ಟಿನ ಗುಣ ಅಳೆಯುವವನು ಮೊದಲು ಕಣ್ಣು ಹಾಯಿಸುವುದು ಈ ಕಲೆಗಳ ಮೇಲೆ. ಕಲೆಯೇ ಇಲ್ಲದ ಕಿಟ್ ಇಲ್ಲ. ಕಲೆ ಎಲ್ಲಿದೆ ಅನ್ನುವುದೇ ಮುಖ್ಯ. ಆ ದುಂಡು ಗುರುತು ರೆಕ್ಕೆಯ ಒಳಮೈಯಲ್ಲಿದ್ದರೆ ಅಂಟಿಸಿದ ಮೇಲೆ ಯಾರ ಕಣ್ಣಿಗೂ ಬೀಳದು. ಚಕ್ರ ಮಡಚಿಕೊಳ್ಳುವ ಗೂಡಿನ ಬಾಗಿಲ ಮೇಲಿದ್ದರೆ ಪುಟ್ಟಿ ತುಂಬಿ ಉಜ್ಜುತ್ತ ಕೂರಬೇಕು. ಚೂರು ಸ್ಪ್ರೂಗೆ ಅಂಟಿಕೊಂಡ ಜಾಗವೂ ಹಾಗೆಯೇ. ಅದನ್ನು ಪಾರದರ್ಶಕ ಗಾಜಿನ ಮುಸುಕಿನ ನಟ್ಟನಡುವೆ ಇಟ್ಟವನಿಗೆ ನಾವು ಬೈಯುತ್ತೇವೆ, ಜೋಡಣೆಯಲ್ಲಿ ಮುಚ್ಚಿಹೋಗುವ ಅಂಚಿನಲ್ಲಿ ಇಟ್ಟವನನ್ನು ಕಾಣದೆಯೇ ಮೆಚ್ಚಿಕೊಳ್ಳುತ್ತೇವೆ. ಎಲ್ಲೋ ದೂರದ ಊರಿನಲ್ಲಿ ಕೂತ ವಿನ್ಯಾಸಕಾರನೊಬ್ಬ, ಎಂದೂ ಭೇಟಿಯಾಗದ ನನ್ನ ಬೆರಳು ಎಲ್ಲಿ ತಡಕಾಡೀತು ಎಂದು ಮುಂಚೆಯೇ ಊಹಿಸಿ ಉಕ್ಕು ಕೊರೆಸಿರುತ್ತಾನೆ. ವ್ಯಾಪಾರದ ವಸ್ತುವೊಂದರಲ್ಲಿ ಇಷ್ಟೊಂದು ದಾಕ್ಷಿಣ್ಯ ಸಿಕ್ಕುವುದು ಅಪರೂಪ.

ಇನ್ನೊಂದು ಕಟ್ಟುಪಾಡೂ ಇದೆ. ಎರಡು ಹೋಳಿನ ಅಚ್ಚಿನಿಂದ ಸಿಕ್ಕಿಕೊಳ್ಳದೆ ಜಾರಿ ಬರುವಂಥದ್ದನ್ನು ಮಾತ್ರ ಎರಕ ಹೊಯ್ಯಬಹುದು. ನೆಟ್ಟಗಿರಬೇಕಾದ ಗೋಡೆಗೂ ಒಂದು ಕೂದಲೆಳೆಯಷ್ಟು ಓರೆ ಕೊಡಬೇಕು, ಇಲ್ಲವಾದರೆ ಚೂರು ಅಚ್ಚು ಬಿಡುವುದಿಲ್ಲ. ವಿಮಾನದ ಒಡಲು ಎಡ ಬಲ ಎಂದು ಎರಡಾಗಿ ಸೀಳಿ ಬರುವುದು ಅದಕ್ಕೇ. ಬಂದೂಕಿನ ನಳಿಗೆಯ ಬಾಯಿ ಹಳೆಯ ಕಿಟ್‌ಗಳಲ್ಲಿ ಮುಚ್ಚಿಕೊಂಡೇ ಇರುತ್ತಿದ್ದುದೂ ಅದಕ್ಕೇ. ಈಗ ಪಕ್ಕದಿಂದ ಸರಿದು ಬರುವ ಮೂರನೆಯ, ನಾಲ್ಕನೆಯ ತುಂಡುಗಳಿರುವ ಅಚ್ಚು ಮಾಡುತ್ತಾರೆ, ನಳಿಗೆಗೆ ತೂತು ಬಂದಿದೆ. ತೂತು ಬಂದ ಲೆಕ್ಕಕ್ಕೆ ಬೆಲೆಯೂ ಏರಿದೆ.

ಜಪಾನಿನ ಶಿಜುವೊಕಾ ನಗರದ ಹೆಸರು ಹೇಳದೆ ಈ ಮಾತು ಮುಂದೆ ಹೋಗುವುದಿಲ್ಲ. ಕಿಟ್ ಕಂಪನಿ ಹಸೆಗಾವಾ ಅದೇ ಹೆಸರಿನ ಪ್ರಾಂತ್ಯದ್ದು, ತಾಮಿಯಾ ಆ ಊರಿನದೇ, ಬಂದಾಯಿಯ ಗುಂಡಂ ರೋಬಾಟ್ ಕಿಟ್ಟುಗಳ ಕಾರ್ಖಾನೆಯೂ ಅಲ್ಲಿದೆ. ಮರಗೆಲಸಕ್ಕೆ ಹೆಸರಾದ ಊರು ಅದು. ತಾಮಿಯಾ ಕೂಡ 1946ರಲ್ಲಿ ಶುರುವಾದದ್ದು ಮರ ಕೊಯ್ಯುವ ಮಿಲ್ಲಾಗಿ. 1951ರ ಬೆಂಕಿಯಲ್ಲಿ ದಾಸ್ತಾನು ಸುಟ್ಟುಹೋಯಿತು, ಮಿಲ್ಲಿನ ಕಸುಬು ಹಿಂದೆ ಸರಿದು ಮರದ ಮಾಡೆಲ್ ಮುಂದೆ ಬಂತು. 1960ರಲ್ಲಿ ಅವರು ತಂದ ಮೊದಲ ಪ್ಲಾಸ್ಟಿಕ್ ಕಿಟ್ ಯಮಾಟೊ ಯುದ್ಧನೌಕೆಯದು, ಮಾರುಕಟ್ಟೆಯಲ್ಲಿ ಸೋತಿತು. ಆಮೇಲೆ ಬಂದ ಜರ್ಮನಿಯ ಪ್ಯಾಂಥರ್ ಟ್ಯಾಂಕು ಕಂಪನಿಯನ್ನು ಎತ್ತಿ ನಿಲ್ಲಿಸಿತು.

ಆ ಪ್ಯಾಂಥರಿನ ಅಳತೆಯ ಕತೆ ನನಗೆ ಬಲು ಇಷ್ಟ. ಟ್ಯಾಂಕು ಓಡಬೇಕಿತ್ತು, ಅದರ ಹೊಟ್ಟೆಯಲ್ಲಿ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದಾಗಿ ಮಾಡಿದರು. ಆಮೇಲೆ ಅದೇ ಅಳತೆಯಲ್ಲಿ ಇನ್ನಷ್ಟು ಟ್ಯಾಂಕು ಮಾಡೋಣವೆಂದು ಅಳೆದು ನೋಡಿದರೆ ಅದು ಅಸಲಿನ ಸುಮಾರು ಮೂವತ್ತೈದನೆಯ ಒಂದು ಪಾಲು. ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ಟ್ಯಾಂಕು ಕಟ್ಟುವವರಿಗೆ 1/35 ಪ್ರಮಾಣಸೂತ್ರ. ಚೀನಾದಲ್ಲಾಗಲಿ ಉಕ್ರೇನಿನಲ್ಲಾಗಲಿ ಯಾರೇ ಟ್ಯಾಂಕಿನ ಕಿಟ್ ಮಾಡಿದರೂ ಹೆಚ್ಚಾಗಿ ಅದೇ ಅಳತೆ. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಗೆ ಜಗಳಕ್ಕೆ ನಿಲ್ಲುವವರೆಲ್ಲ ಒಂದು ಬ್ಯಾಟರಿಯ ಗಾತ್ರಕ್ಕೆ ತಲೆಬಾಗಿದವರು ಎಂದು ನೆನೆದಾಗ ಹಿತವಾದ ನಗುವೊಂದು ಬರುತ್ತದೆ. ವಿಮಾನದವರ 1/72 ಹಾಗಲ್ಲ, ಅದರಲ್ಲೊಂದು ಅಚ್ಚುಕಟ್ಟಿದೆ. ಆರು ಅಡಿಗೆ ಒಂದು ಅಂಗುಲ. ಆರಡಿಯ ಆಳು ಹೆಬ್ಬೆರಳ ಒಂದು ಗಿಣ್ಣಿನಷ್ಟು. 1930ರ ದಶಕದ ಇಂಗ್ಲೆಂಡಿನ ಮರದ ಮಾದರಿಗಳಿಂದ ಬಂದ ಲೆಕ್ಕವಿದು. 1936ರಲ್ಲಿ ಫ್ರಾಗ್ ಕಂಪನಿಯ ಪೆಂಗ್ವಿನ್ ಸರಣಿ ಅದನ್ನು ಪ್ಲಾಸ್ಟಿಕ್ಕಿಗೆ ಇಳಿಸಿತು.

ತಾಮಿಯಾ ಕಂಪನಿಗೇ ಮರಳಿದರೆ, ಅದನ್ನು ಬೆಳೆಸಿದ ಶುನ್ಸಾಕು ತಾಮಿಯಾ 1/12 ಅಳತೆಯ ಪೋರ್ಶೆ ಕಾರಿನ ಕಿಟ್ಟಿಗಾಗಿ ಅಸಲಿ ಪೋರ್ಶೆಯೊಂದನ್ನೇ ಕೊಂಡು ಬಿಚ್ಚಿಹಾಕಿಸಿದ ಮನುಷ್ಯ. ಅಸಲಿಯನ್ನು ಚೂರು ಮಾಡಿ ನೋಡಿದರೆ ತಾನೆ ಚೂರುಗಳಿಂದ ನಕಲಿಯನ್ನು ಕಟ್ಟಲು ಬರುವುದು! ಆತ 2025ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಾಗ ಲೋಕದ ಮೂಲೆಮೂಲೆಯ ಜನ ತಾವು ಬಾಲ್ಯದಲ್ಲಿ ಕಟ್ಟಿದ ಟ್ಯಾಂಕುಗಳನ್ನು ನೆನೆದರು.

ಅಂಥ ಕಂಪನಿಯ ಒಳ್ಳೆಯ ಕಿಟ್ಟಿನ ಗುಣ ಕೈಗೆ ತಿಳಿಯುವುದು ಡ್ರೈ ಫಿಟ್ ಮಾಡುವಾಗ, ಅಂದರೆ ಅಂಟು ಹಾಕುವ ಮುನ್ನ ಚೂರುಗಳನ್ನು ಸುಮ್ಮನೆ ಕೂಡಿಸಿ ನೋಡುವಾಗ. ರೆಕ್ಕೆಯ ಬುಡ ಒಡಲಿನ ಸೀಳಿಗೆ ಹೋಗಿ ಕೂರುತ್ತದೆ, ಕೂತದ್ದು ಕೈಬಿಟ್ಟರೂ ನಿಲ್ಲುತ್ತದೆ. ಆಮೇಲೆ ತೆಳು ಸಿಮೆಂಟು. ನಾವದನ್ನು ಅಂಟು ಎಂದು ಕರೆದರೂ ಅದು ಅಂಟಿಸುವುದಿಲ್ಲ. ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿದರೆ ಸಾಕು, ದ್ರವ ತಾನಾಗಿ ಸಂದಿಯುದ್ದಕ್ಕೂ ಓಡಿ, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಒಂದಿಷ್ಟು ಕರಗಿಸಿ ಆವಿಯಾಗುತ್ತದೆ. ಕರಗಿದ ಎರಡು ಮೈಗಳು ಒಂದಾಗಿ ಗಟ್ಟಿಯಾಗುತ್ತವೆ. ನಡುವೆ ಮೂರನೆಯದೇನೂ ಉಳಿಯುವುದಿಲ್ಲ. ಎಷ್ಟು ಸಲ ನೋಡಿದರೂ ದ್ರವ ಓಡುವ ಆ ಅರೆಕ್ಷಣ ನನಗೆ ಹಳತಾಗಿಲ್ಲ. ಕಾರಣ ಗೊತ್ತಿದೆ, ಕೇಶಾಕರ್ಷಣ. ಗೊತ್ತಿದ್ದೂ ಬೆರಗು ಹೋಗಿಲ್ಲ.

ಹೀಗೆ ಕೂಡಿಕೊಳ್ಳುವುದು ಒಂದು ಗುಣ, ನಿಜದಂತೆ ಇರುವುದು ಇನ್ನೊಂದು. ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರಲೇಬೇಕೆಂದಿಲ್ಲ. ಜೆಕ್ ದೇಶದ ಎಡ್ವರ್ಡ್ ಕಂಪನಿ 2014ರಲ್ಲಿ 1/48 ಅಳತೆಯ ಮೆಸರ್‌ಶ್ಮಿಟ್ 109 ಜಿ-6 ವಿಮಾನದ ಕಿಟ್ ತಂದಿತು. ಮೈಮೇಲಿನ ಗೆರೆ, ರಿವೆಟ್ ನೋಡಿದರೆ ಕಣ್ಣಿಗೆ ಹಬ್ಬ. ಯಾರೋ ಸ್ಕೇಲ್ ಹಿಡಿದು ಅಳೆದರು, ಇರಬೇಕಾದ್ದಕ್ಕಿಂತ ತುಸು ದೊಡ್ಡದು. ಕೆಲವೇ ಮಿಲಿಮೀಟರಿನ ಮಾತು, ಆದರೂ ಗದ್ದಲವೆದ್ದಿತು. ಕಂಪನಿ ಹೊಸದಾಗಿ ಅಚ್ಚು ಕೊರೆಸಿ 2016ರಲ್ಲಿ ಅದೇ ವಿಮಾನವನ್ನು ಮತ್ತೆ ತಂದಿತು. ಉಕ್ಕಿನ ಅಚ್ಚನ್ನು ಪಕ್ಕಕ್ಕೆಸೆದು ಮೊದಲಿನಿಂದ ಶುರುಮಾಡುವುದು ಸಣ್ಣ ಖರ್ಚಲ್ಲ. ಆ ಗದ್ದಲ ಅತಿಯಾಯಿತೆಂದು ನನಗೆ ಅನ್ನಿಸಿದ್ದುಂಟು. ಆದರೆ ಮೇಜಿನ ಮೇಲೆ ಒಂದೇ ಅಳತೆಯ ಹತ್ತು ವಿಮಾನ ಸಾಲಾಗಿ ನಿಲ್ಲಿಸುವವನಿಗೆ ಒಂದು ಉಬ್ಬಿಕೊಂಡರೆ ಸಾಲೆಲ್ಲ ಸುಳ್ಳಾಗುತ್ತದೆ. ಅವನ ಸಿಟ್ಟಿಗೂ ಅರ್ಥವಿದೆ.

ಆದರೂ ನಿಜದಂತೆ ಇರುವುದೆಂದರೆ ಏನು? 1/72ರ ವಿಮಾನದ ಮೈಮೇಲೆ ತಗಡು ತಗಡು ಕೂಡುವ ಜಾಗ ತೋರಿಸಲು ಪ್ಯಾನೆಲ್ ಲೈನ್ ಗೀರಿರುತ್ತಾರೆ. ಗೀರು 0.2 ಮಿಲಿಮೀಟರ್ ಅಗಲವಿದೆ ಅನ್ನಿ. ಎಪ್ಪತ್ತೆರಡರಿಂದ ಗುಣಿಸಿದರೆ 14.4 ಮಿಲಿಮೀಟರ್. ತಗಡುಗಳ ನಡುವೆ ಬೆರಳು ತೂರುವಷ್ಟು ಸಂದಿಯಿರುವ ವಿಮಾನವನ್ನು ಯಾವ ಪೈಲಟ್ಟಾದರೂ ಹತ್ತಿಯಾನೆ? ಲೆಕ್ಕ ಹಿಡಿದು ಹೋದರೆ ಆ ಗೀರು ಇರಲೇಬಾರದು. ಇಲ್ಲದೆ ಹೋದರೆ ಮಾಡೆಲ್ ಸೋಪಿನ ತುಂಡಾಗಿ ಕಾಣುತ್ತದೆ. 1970ರ ದಶಕದ ಮ್ಯಾಚ್‌ಬಾಕ್ಸ್ ಕಂಪನಿಯ ಕಿಟ್‌ಗಳಲ್ಲಿ ಈ ಗೀರುಗಳು ಎಷ್ಟು ಆಳವೆಂದರೆ, ಅಲ್ಲೊಬ್ಬ ಕಂದಕ ತೋಡುವ ಹುಚ್ಚ ಕೆಲಸಕ್ಕಿದ್ದ ಎಂದು ಇಂದಿಗೂ ತಮಾಷೆ ಮಾಡುತ್ತಾರೆ. ಅದಕ್ಕೂ ಹಿಂದಿನ ಎಷ್ಟೋ ಕಿಟ್ಟುಗಳಲ್ಲಿ ಗೆರೆಗಳು ಉಬ್ಬಿಕೊಂಡಿರುತ್ತಿದ್ದವು, ಅಚ್ಚಿನ ಉಕ್ಕಿಗೆ ಗೀರು ಹಾಕುವುದು ಸುಲಭವಾದ್ದರಿಂದ. ಆಳಕ್ಕಿಳಿದ ಗೆರೆಯೇ ಉತ್ತಮವೆಂದು ಇವತ್ತಿನ ತೀರ್ಪು. ಎರಡೂ ಸುಳ್ಳೇ. ಇಳಿದ ಗೆರೆಯಲ್ಲಿ ನೀರಾದ ಕಪ್ಪು ಬಣ್ಣ ಹರಿಯಬಿಟ್ಟರೆ ಸುಳ್ಳು ಹೆಚ್ಚು ಒಪ್ಪುತ್ತದೆ, ಅಷ್ಟೇ ವ್ಯತ್ಯಾಸ.

ತೂಕದ ಲೆಕ್ಕವಂತೂ ಇನ್ನೂ ಬೆರಗು. ಮೊದಮೊದಲ ಸ್ಪಿಟ್‌ಫೈರ್ ಯುದ್ಧವಿಮಾನ ತುಂಬಿ ಹಾರುವಾಗ ಸುಮಾರು 2,600 ಕಿಲೊ ತೂಗುತ್ತಿತ್ತು. ಉದ್ದ, ಅಗಲ, ಎತ್ತರ ಮೂರೂ ಎಪ್ಪತ್ತೆರಡರಲ್ಲೊಂದು ಪಾಲಾದರೆ ತೂಕ 3,73,248ರಲ್ಲಿ ಒಂದು ಪಾಲಾಗುತ್ತದೆ. ಅಂದರೆ ಸುಮಾರು 7 ಗ್ರಾಂ. ಪ್ಲಾಸ್ಟಿಕ್ ಸ್ಪಿಟ್‌ಫೈರ್ ಅದಕ್ಕಿಂತ ಭಾರ. ಪ್ಲಾಸ್ಟಿಕ್ಕಿನ ಗೋಡೆ ಒಂದು ಮಿಲಿಮೀಟರ್ ದಪ್ಪವೆಂದರೆ ಅಸಲಿನ ಅಳತೆಗೆ ಅದು 72 ಮಿಲಿಮೀಟರ್, ಕೋಟೆಯ ಗೋಡೆ! ಆಕಾಶದಲ್ಲಿ ಹಾರಿದ ಯಂತ್ರಕ್ಕಿಂತ, ಪ್ರಮಾಣದಲ್ಲಿ ನೋಡಿದರೆ, ಎಂದೂ ಹಾರದ ಈ ಆಟಿಕೆಯೇ ಗಟ್ಟಿಮುಟ್ಟು. ಬಣ್ಣವೂ ಹೀಗೆಯೇ. ಅಸಲಿ ವಿಮಾನಕ್ಕೆ ಬಳಿದ ಹಸಿರನ್ನೇ ಡಬ್ಬಿಯಿಂದ ತಂದು ಬಳಿದರೆ ಮಾಡೆಲ್ ಕಪ್ಪಿಟ್ಟಂತೆ ಕಾಣುತ್ತದೆ. ದೂರದ ಗುಡ್ಡ ತೆಳುನೀಲಿಯಾಗುವ ಕಾರಣಕ್ಕೇ ದೂರದ ವಿಮಾನದ ಬಣ್ಣವೂ ತಿಳಿಯಾಗುತ್ತದೆ. ಮೇಜಿನ ಮೇಲಿನ ವಿಮಾನ ನಾವು ದೂರದಿಂದ ಕಂಡ ವಿಮಾನ. ಅದಕ್ಕೇ ಬಲ್ಲವರು ಬಣ್ಣಕ್ಕೆ ಒಂದು ತೊಟ್ಟು ಬಿಳಿ ಬೆರೆಸುತ್ತಾರೆ. ಒಳ್ಳೆಯ ಕಿಟ್ಟಿಗೆ ಎಲ್ಲಿ ಎಷ್ಟು ಸುಳ್ಳು ಹೇಳಬೇಕೆಂದು ಗೊತ್ತಿರುತ್ತದೆ. ನನ್ನ ಮಟ್ಟಿಗೆ ಗುಣದ ಅಳತೆಗೋಲು ಅದೇ.

ಸುಳ್ಳೇ ಪೂರ್ತಿಯಾದ ಒಂದು ಕಿಟ್ಟೂ ಇದೆ. 1986ರಲ್ಲಿ ಅಮೆರಿಕದ ಟೆಸ್ಟರ್ ಕಂಪನಿ ಎಫ್-19 ಎಂಬ ಗುಪ್ತ ಯುದ್ಧವಿಮಾನದ ಕಿಟ್ ಬಿಟ್ಟಿತು. ರಾಡಾರಿಗೆ ಸಿಕ್ಕದ ವಿಮಾನವೊಂದನ್ನು ಸರ್ಕಾರ ಗುಟ್ಟಾಗಿ ಹಾರಿಸುತ್ತಿದೆ ಎಂಬ ಗಾಳಿಮಾತಿತ್ತು. ವಿನ್ಯಾಸಕಾರರು ಸಿಕ್ಕಷ್ಟು ಸುಳಿವು ಕೂಡಿಸಿ ಊಹಿಸಿ ಮಾಡಿದರು, ಉಬ್ಬಿದ ಬೆನ್ನು, ದುಂಡನೆಯ ಅಂಚು. ಕಿಟ್ ಕಾದ ಎಣ್ಣೆಗೆ ನೀರು ಬಿದ್ದಂತೆ ಸಿಡಿಯಿತು. ಶಾಸಕರಿಗೂ ತೋರಿಸದ ವಿಮಾನ ಮಕ್ಕಳ ಅಂಗಡಿಯಲ್ಲಿ ಸಿಗುತ್ತಿದೆಯಲ್ಲ ಎಂದು ಅಮೆರಿಕದ ಸಂಸತ್ತಿನಲ್ಲೂ ಮಾತಾಯಿತು. 1988ರ ನವೆಂಬರಿನಲ್ಲಿ ಸರ್ಕಾರ ಅಸಲಿ ವಿಮಾನದ ಚಿತ್ರ ಹೊರಬಿಟ್ಟಿತು. ಅದರ ಹೆಸರು ಎಫ್-117, ಮೈಯೆಲ್ಲ ಚಪ್ಪಟೆ ಮುಖಗಳು, ಹರಿತ ಕೋನಗಳು. ಕಿಟ್ಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಈಗ ಹೇಳಿ, ಆ ಕಿಟ್ಟಿನ ಗುಣ ಅಳೆಯುವುದು ಹೇಗೆ? ಹೋಲಿಸಿ ನೋಡಲು ಅಸಲಿಯೇ ಇಲ್ಲದ ನಕಲಿ ಅದು. ಆದರೂ ಇವತ್ತು ಅದರ ಹಳೆಯ ಪೆಟ್ಟಿಗೆ ಸಿಕ್ಕರೆ ಬಿಡುವವರಿಲ್ಲ. ಅವರು ಕೊಳ್ಳುತ್ತಿರುವುದು ವಿಮಾನವನ್ನಲ್ಲ, ಒಂದು ಕಾಲದ ಊಹೆಯನ್ನು.

ಬೆಲೆಯ ವಿಷಯದಲ್ಲಿ ಎಚ್ಚರ ಬೇಕಾದ್ದು ಹೊಸ ಪೆಟ್ಟಿಗೆಯೊಳಗಿನ ಹಳೆಯ ಸರಕಿನ ಬಗ್ಗೆ. ಉಕ್ಕಿನ ಅಚ್ಚಿಗೆ ಆಯುಷ್ಯ ಗಟ್ಟಿ, ಮಾಲೀಕರಿಗೆ ಅಷ್ಟಿಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಫ್ರಾಗ್ ಮುಚ್ಚಿದಾಗ ಅದರ ಅಚ್ಚುಗಳು ಸೋವಿಯತ್ ಒಕ್ಕೂಟಕ್ಕೆ ಹೋದವು, ನೋವೊ ಎಂಬ ಹೆಸರಿನಲ್ಲಿ ಮತ್ತೆ ಹೊರಬಂದವು. ಜರ್ಮನ್, ಜಪಾನಿ ವಿಮಾನಗಳ ಅಚ್ಚು ಮಾತ್ರ ಸೋವಿಯತ್ತರಿಗೆ ಬೇಡವಾಗಿತ್ತು, ಅವು ರೆವೆಲ್ ಕಂಪನಿಯ ಪಾಲಾದವು. ಎರಡನೆಯ ಮಹಾಯುದ್ಧ ಮುಗಿದು ಮೂವತ್ತು ವರ್ಷವಾದರೂ ಪ್ಲಾಸ್ಟಿಕ್ಕಿನಲ್ಲಿ ಶತ್ರು ಶತ್ರುವಾಗಿಯೇ ಇದ್ದ! ಹೀಗೆ ಒಂದೇ ಅಚ್ಚು ನಾಲ್ಕು ಹೆಸರು, ಹತ್ತು ಚಿತ್ರಗಳ ಕೆಳಗೆ ಊರೂರು ಸುತ್ತುತ್ತದೆ. ಪೆಟ್ಟಿಗೆಯ ಮೇಲಿನ ಚಿತ್ರವನ್ನು ನಂಬಬಾರದು, ಮೆಚ್ಚಬಹುದು. ಕಲಾವಿದ ರಾಯ್ ಕ್ರಾಸ್ ಕಿಟ್ ಕಂಪನಿ ಏರ್‌ಫಿಕ್ಸ್‌ಗೆ ಬರೆದ ಚಿತ್ರಗಳ ಮುಂದೆ ಒಳಗಿನ ಪ್ಲಾಸ್ಟಿಕ್ ಎಷ್ಟೋ ಸಲ ಸೋತದ್ದುಂಟು. ಚೂರುಗಳ ಸಂಖ್ಯೆಯಿಂದ ಬೆಲೆ ಭಾಗಿಸಿ ಲಾಭ ನಷ್ಟ ನೋಡುವವರೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ಐದು ಚೂರಿನಲ್ಲಿ ಆಗುವ ಚಕ್ರವನ್ನು ಇಪ್ಪತ್ತು ಚೂರು ಮಾಡಿಟ್ಟರೆ ಅದು ಧಾರಾಳತನವಲ್ಲ, ಕಾಟ. ಸಾಗಣೆ, ಸುಂಕ ಎಲ್ಲ ಸೇರಿ ನಮ್ಮ ಕೈಗೆ ಬರುವಾಗ ಕಿಟ್ಟಿನ ಬೆಲೆ ಹೇಗೂ ಬೆಚ್ಚಿಸುತ್ತದೆ. ಕೊಟ್ಟ ದುಡ್ಡಿಗೆ ಎಷ್ಟು ಸಂಜೆಗಳು ಬಂದವು ಎಂದು ಎಣಿಸುವುದು ಮೇಲು.

ಆ ಎಣಿಕೆಯಲ್ಲಿ ಕೆಟ್ಟ ಕಿಟ್ಟುಗಳೇ ಕೆಲವೊಮ್ಮೆ ಗೆಲ್ಲುತ್ತವೆ. ಜೆಕ್ ದೇಶದ ಸಣ್ಣ ಕಂಪನಿಗಳು ಕಡಿಮೆ ಖರ್ಚಿನ ಅಚ್ಚುಗಳಲ್ಲಿ ಕಡಿಮೆ ಸಂಖ್ಯೆಯಲ್ಲಿ ತರುವ ಕಿಟ್ಟುಗಳಿವೆ. ಕೂಡಿಸಲು ಗೂಟವಿಲ್ಲ, ತೂತಿಲ್ಲ, ಅಂಚು ದಪ್ಪ, ರೆಕ್ಕೆ ತಾನಾಗಿ ನಿಲ್ಲುವುದಿಲ್ಲ. ಹಿತ್ತಾಳೆ ಕಡ್ಡಿ ಕೊರೆದು ಕೂರಿಸಬೇಕು, ಪುಟ್ಟಿ ತುಂಬಬೇಕು. ಆದರೆ ದೊಡ್ಡವರು ಕಣ್ಣೆತ್ತಿ ನೋಡದ ವಿಮಾನಗಳು ಸಿಗುವುದು ಅಲ್ಲಿಯೇ. ತಾಮಿಯಾ ಕಿಟ್ ಮುಗಿದಾಗ ತಾಮಿಯಾಗೆ ಶಹಬ್ಬಾಸ್ ಅನ್ನಿಸುತ್ತದೆ, ಅಂಥ ಕಿಟ್ ಮುಗಿದಾಗ ಶಹಬ್ಬಾಸ್ ನಮಗೇ.

ಯಾವ ವಿಮಾನ ಕಿಟ್ಟಾಗಬೇಕು, ಯಾವುದು ಆಗಬಾರದು ಎನ್ನುವ ತೀರ್ಪೂ ಒಂದು ಬೆಲೆಕಟ್ಟುವಿಕೆಯೇ. ಕರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರ ಮಾಡಿದ ಫೋಕೆ-ವುಲ್ಫ್ 190 ವಿಮಾನದ ಕಿಟ್ ಮಾಡದ ದೊಡ್ಡ ಕಂಪನಿಯನ್ನು ಹುಡುಕಬೇಕು. 1/72, 1/48, 1/32, ಯಾವ ಅಳತೆ ಬೇಕೋ ಅದು. ಅದೇ ಮನುಷ್ಯ ಯುದ್ಧದ ನಂತರ 1950ರ ದಶಕದಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ಕೂತು ಎಚ್‌ಎಫ್-24 ಮಾರುತ್ ರೂಪಿಸಿದ. 1961ರ ಜೂನ್ 17ರಂದು ಅದು ಬೆಂಗಳೂರಿನ ಮೇಲೆ ಮೊದಲ ಬಾರಿ ಹಾರಿತು. 1971ರ ಯುದ್ಧದಲ್ಲಿ ಮರಳುಗಾಡಿನ ಮೇಲೆ ಹೋರಾಡಿತು. ಒಟ್ಟು 147 ತಯಾರಾದವು. ಬೇಕಾದಷ್ಟು ಬಲದ ಎಂಜಿನ್ ಅದಕ್ಕೆ ಕೊನೆಗೂ ಸಿಗಲಿಲ್ಲ ಎಂಬುದು ಬೇರೆ ದುಃಖ. ಒಂದೇ ತಲೆಯಿಂದ ಬಂದ ಎರಡು ವಿಮಾನ. ಒಂದರ ಕಿಟ್ಟುಗಳಿಗೆ ಲೆಕ್ಕವಿಲ್ಲ, ಇನ್ನೊಂದನ್ನು ದೊಡ್ಡ ಹೆಸರುಗಳ ಪಟ್ಟಿಯಲ್ಲಿ ಹುಡುಕಿ ಸುಸ್ತಾಗಬೇಕು. ಉಕ್ಕಿನ ಅಚ್ಚು ಕೊರೆಸುವವನು ಎಷ್ಟು ಪೆಟ್ಟಿಗೆ ಬಿಕರಿಯಾದೀತು ಎಂದು ಕೇಳುತ್ತಾನೆ, ಅವನನ್ನು ದೂರಿ ಫಲವಿಲ್ಲ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಮಾರುತ್ ನಿಂತಿದೆ, ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲೂ ಇದೆ. ಮಕ್ಕಳು ಅದರ ಮುಂದೆ ಫೋಟೊ ತೆಗೆಸಿಕೊಂಡು ಐಸ್‌ಕ್ರೀಮಿನ ಕಡೆ ಓಡುತ್ತಾರೆ. ಒಳ್ಳೆಯ ಮಾರುತ್ ಕಿಟ್ಟೊಂದು ಕೈಗೆ ಬಂದರೆ ನಾನು ಮೊದಲು ನೋಡುವುದು ಒಡಲಿನ ಎರಡೂ ಪಕ್ಕ ಗಾಳಿ ಒಳಗೆ ಸೇರುವ ಬಾಯಿಗಳನ್ನು. ಅಲ್ಲೊಂದು ಅರೆಶಂಕುವಿದೆ. ಅದರ ಮೊನೆ ಮೊಂಡಾಗಿದ್ದರೆ ಮುಖದ ಕಳೆಯೇ ಹೋಗುತ್ತದೆ. ಆಮೇಲೆ ನೋಡುವುದು ಒಡಲು ನಡುವಿನಲ್ಲಿ ಸಣ್ಣಗಾಗುವ ಬಗೆಯನ್ನು. ಕಸ್ತೂರಬಾ ರಸ್ತೆಗೆ ಹೋಗಿ ಪಕ್ಕದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಆ ಬಳುಕಿಗೂ ಕೈಯಲ್ಲಿರುವ ಪ್ಲಾಸ್ಟಿಕ್ಕಿಗೂ ತಾಳೆ ನೋಡಬಹುದು. ಅದೆರಡು ಸರಿಯಿದ್ದರೆ ಪ್ಯಾನೆಲ್ ಲೈನ್ ಎಷ್ಟು ಅಗಲವಿದ್ದರೂ ಚಿಂತೆಯಿಲ್ಲ, ತುಂಬಿ, ಉಜ್ಜಿ, ಮತ್ತೆ ಗೀರಿಕೊಂಡರಾಯಿತು.